ಮೈಕಿನಲ್ಲಿ ಏನು ಓದಬೇಕು? ಚುನಾವಣೆ ಪ್ರಚಾರದ ಬಗ್ಗೆ ಒಂದು ಪ್ರಶ್ನೆ

ಮೈಕಕ್ಕ:

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ವಿಷಯ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ನಮ್ಮದು ತೆಂಗಿನ ಸೀಮೆಯ ಒಂದು ತಾಲೂಕು ಪೇಟೆ. ಅಣ್ಣನದು ಸೌಂಡ್ ಸಿಸ್ಟಮ್ ಅಂಗಡಿ. ಮದುವೆ, ಜಾತ್ರೆ, ನಾಟಕ, ಗಣಪತಿ ಹಬ್ಬ, ಎಲ್ಲಕ್ಕೂ ನಮ್ಮ ಮೈಕ್ ಸೆಟ್ಟೇ ಹೋಗುತ್ತದೆ. ಅನೌನ್ಸ್‌ಮೆಂಟ್ ಮಾಡುವವಳು ನಾನು. 1999ರಲ್ಲಿ ವಿಧಾನಸಭೆಗೂ ಲೋಕಸಭೆಗೂ ಒಟ್ಟಿಗೇ ಚುನಾವಣೆ ಬಂತಲ್ಲ, ಆಗ ನಾನು ಪಿಯುಸಿ ಓದುತ್ತಿದ್ದೆ. ಅಣ್ಣನಿಗೆ ಗಂಟಲು ಕಟ್ಟಿತ್ತು. "ನೀನೇ ಓದು" ಅಂತ ಮೈಕ್ ಕೈಗೆ ಕೊಟ್ಟ. ಅವತ್ತಿನಿಂದ ನಮ್ಮ ಕಡೆ ಚುನಾವಣೆ ಆಟೋದಲ್ಲಿ ಕೇಳುವ ದನಿ ಹೆಚ್ಚುಕಡಿಮೆ ನನ್ನದೇ. ಎಲ್ಲ ಪಕ್ಷದವರಿಗೂ ಓದಿದ್ದೇನೆ. ಊರ ಮಕ್ಕಳು ನನ್ನನ್ನು ಮೈಕಕ್ಕ ಅಂತಲೇ ಕರೆಯುವುದು.

ಮೊದಲೆಲ್ಲ ಆಟೋದಲ್ಲಿ ಕೂತು ನೇರವಾಗಿ ಓದುತ್ತಿದ್ದೆ. ಪ್ರತಿ ಊರ ಮುಂದೆ ಅರಳಿಕಟ್ಟೆ ಹತ್ತಿರ ಗಾಡಿ ನಿಲ್ಲುತ್ತಿತ್ತು. ಎರಡು ಸಲ ಓದಿ, ನೀರು ಕುಡಿದು ಹೊರಡುವುದು. ಅಷ್ಟರಲ್ಲಿ ಜನ ಸುತ್ತ ಸೇರುತ್ತಿದ್ದರು. ನಾನು ಬಾಡಿಗೆ ದನಿ ಅಂತ ಅವರಿಗೆ ಗೊತ್ತಿರಲಿಲ್ಲ. ಅಭ್ಯರ್ಥಿ ಮನೆಯವಳೇ ಇರಬೇಕು ಅಂದುಕೊಳ್ಳುತ್ತಿದ್ದರು. ಒಂದು ಊರಲ್ಲಿ ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ ಪಿಂಚಣಿ ಕಾಗದ ತೆಗೆದರು. ಮೂರು ತಿಂಗಳಿಂದ ದುಡ್ಡು ಬಂದಿಲ್ಲ, ನಿಮ್ಮ ಯಜಮಾನರಿಗೆ ಹೇಳಮ್ಮ ಅಂದರು. ಕಾಗದ ಬೆವರಿಗೆ ಮೆತ್ತಗಾಗಿತ್ತು. ನಾನು ಅದರ ನಂಬರ್ ಬರೆದುಕೊಂಡು ಹೋಗಿ ಅಭ್ಯರ್ಥಿಗೆ ಕೊಟ್ಟೆ. ಅವರು ಅದನ್ನು ಜೇಬಿಗೆ ಹಾಕಿಕೊಂಡರು. ಮುಂದೆ ಏನಾಯಿತೋ ಕಾಣೆ. ಆದರೆ ಕೊಡಲು ಒಂದು ಕೈ ಇತ್ತು.

2004ರ ಒಂದು ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ. ರಟ್ಟು ಹರಿದುಹೋಗಿದೆ. ಅಭ್ಯರ್ಥಿ ಕಡೆಯವರು ಹೇಳಿದ್ದನ್ನು ಓದಲು ನಾನೇ ಬರೆದುಕೊಂಡಿದ್ದು. ಹೇಮಾವತಿ ನೀರು ಯಾವ ಯಾವ ಕೆರೆಗೆ ಬರಬೇಕು ಅಂತ ಕೆರೆಗಳ ಹೆಸರು ಸಾಲಾಗಿ ಇದೆ. ತೆಂಗಿನ ನುಸಿ ರೋಗಕ್ಕೆ ಪರಿಹಾರ ಅಂತ ಇದೆ. ಹೆಣ್ಣುಮಕ್ಕಳ ಹಾಸ್ಟೆಲ್ ಇದೆ, ಬೆಳಗ್ಗೆ ಏಳೂವರೆ ಬಸ್ಸು ಇದೆ. ಎದುರು ಪಕ್ಷದವರದ್ದನ್ನು ಅದೇ ಪುಸ್ತಕ ತಿರುಗಿಸಿ ಹಿಂದಿನಿಂದ ಬರೆದಿದ್ದೇನೆ. ಅದರಲ್ಲೂ ಕೆರೆಗಳ ಹೆಸರೇ. ನಾಲ್ಕು ಕೆರೆ ಜಾಸ್ತಿ ಇದೆ, ಅಷ್ಟೇ. ಜಗಳ ಇರಲಿಲ್ಲ ಅಂತಲ್ಲ. ಜಗಳ ಕೆರೆ ಮೇಲೆ ಇತ್ತು.

ಈಗ ಪೆನ್ ಡ್ರೈವ್ ಬಂದಿದೆ. ಒಂದು ಸಲ ಅಂಗಡಿಯಲ್ಲಿ ರೆಕಾರ್ಡ್ ಮಾಡಿಕೊಟ್ಟರೆ ಮುಗಿಯಿತು. ಡ್ರೈವರ್ ಒಬ್ಬನೇ ಗಾಡಿ ಓಡಿಸಿಕೊಂಡು ಹೋಗುತ್ತಾನೆ. ಬೆಳಗ್ಗೆಯಿಂದ ರಾತ್ರಿ ಹತ್ತರವರೆಗೆ ಅದೇ ಸುತ್ತು. ಯಾವ ಊರಲ್ಲೂ ನಿಲ್ಲುವುದಿಲ್ಲ. ಪೆನ್ ಡ್ರೈವ್ ಕೈಗೆ ಅಜ್ಜಿ ಕಾಗದ ಕೊಡಲು ಆಗುವುದಿಲ್ಲ, ಅಲ್ವಾ?

ಈಚಿನ ಒಂದು ಚುನಾವಣೆಯಲ್ಲಿ ಆದದ್ದನ್ನು ಹೇಳುತ್ತೇನೆ. ಯಾವ ಪಕ್ಷ, ಯಾವ ವರ್ಷ ಅಂತ ಹೇಳುವುದಿಲ್ಲ. ಇಬ್ಬರು ಹುಡುಗರು ಟೈಪ್ ಮಾಡಿದ ಎರಡು ಹಾಳೆ ತಂದರು. ಹಿಂದೆಲ್ಲ ಬರುತ್ತಿದ್ದ ಹಿರಿಯರು ಯಾರೂ ಜೊತೆಗಿರಲಿಲ್ಲ. ಓದುತ್ತಾ ಹೋದೆ. ಕೆರೆ ಇಲ್ಲ, ಕೊಬ್ಬರಿ ಇಲ್ಲ, ಬಸ್ಸು ಇಲ್ಲ. ಮೊದಲ ಹಾಳೆ ಪೂರ್ತಿ ಎದುರಾಳಿಯನ್ನು ಬೈಯುವುದೇ. ಅದನ್ನೂ ಹೇಗೋ ಓದುತ್ತಿದ್ದೆನೇನೋ. ಎರಡನೇ ಹಾಳೆಯಲ್ಲಿ ಎದುರಾಳಿಯ ಮಗಳ ಬಗ್ಗೆ ಒಂದು ಸಾಲು ಇತ್ತು. ಅವಳ ಮದುವೆ ಮುರಿದ ವಿಷಯ, ಪ್ರಾಸ ಕೂಡಿಸಿ ಬರೆದಿದ್ದರು. ಆ ಹುಡುಗಿ ನನಗೆ ಗೊತ್ತು. ನನ್ನ ತಂಗಿಯ ಜೊತೆ ಟೈಲರಿಂಗ್ ಕಲಿತವಳು. ತವರಿಗೆ ಬಂದು ಆರು ತಿಂಗಳಾಗಿತ್ತು. ಬೀದಿ ಕಡೆ ಇರುವ ಕೋಣೆಯಲ್ಲಿ ಹೊಲಿಗೆ ಮಷೀನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು.

ನಾನು ಓದುವುದಿಲ್ಲ ಅಂದೆ. ಅವರೇನೂ ಜಗಳ ಮಾಡಲಿಲ್ಲ. ಹಾಳೆ ಮಡಚಿಕೊಂಡು ಹೋದರು. ಪಕ್ಕದ ಪೇಟೆಯಲ್ಲಿ ಬೇರೆ ಯಾರದೋ ದನಿಯಲ್ಲಿ ರೆಕಾರ್ಡ್ ಮಾಡಿಸಿದರು. ಮೂರನೇ ದಿನ ನಾನು ಸಂತೆಯಲ್ಲಿ ಸೊಪ್ಪು ಆರಿಸುತ್ತಿದ್ದೆ. ಆ ಸಾಲು ಕೇಳಿಸಿತು. ತಿರುಗಿ ನೋಡಿದರೆ ಆಟೋ ಮೇಲೆ ಇರುವುದು ನಮ್ಮದೇ ಹಾರ್ನ್ ಸ್ಪೀಕರ್. ಬಲಗಡೆ ಹಾರ್ನಿನ ಬಾಯಿ ಒಂದು ಕಡೆ ನೆಗ್ಗಿದೆ, ಜಾತ್ರೆಯಲ್ಲಿ ಬಿದ್ದು ಆಗಿದ್ದು, ದೂರದಿಂದಲೇ ಗುರುತು ಸಿಗುತ್ತದೆ. ಅಣ್ಣ ಸೆಟ್ಟು ಬಾಡಿಗೆಗೆ ಕೊಟ್ಟಿದ್ದ. ದನಿ ಮಾತ್ರ ನನ್ನದಲ್ಲ.

ಸೊಪ್ಪು ಅಲ್ಲೇ ಬಿಟ್ಟು ಆಟೋ ಹಿಂದೆ ಹೋದೆ. ಅದು ಆ ಹುಡುಗಿಯ ಬೀದಿಗೆ ತಿರುಗಿತು. ಹೊಲಿಗೆ ಮಷೀನಿನ ಸದ್ದು ನಿಂತಿತು. ಒಂದು ಕೈ ಹೊರಗೆ ಬಂದು ಕಿಟಕಿಯ ಎರಡೂ ಬಾಗಿಲು ಎಳೆದುಕೊಂಡಿತು. ಏಪ್ರಿಲ್ ಬಿಸಿಲು, ಮಧ್ಯಾಹ್ನ ಹನ್ನೆರಡು. ಆಮೇಲೆ ಪ್ರಚಾರ ಮುಗಿಯುವವರೆಗೂ ಆ ಕಿಟಕಿ ತೆಗೆದದ್ದನ್ನು ನಾನು ನೋಡಲಿಲ್ಲ. ದಿನಕ್ಕೆ ನಾಲ್ಕು ಸಲ ಗಾಡಿ ಆ ಬೀದಿಗೆ ಹೋಗುತ್ತಿತ್ತು.

ನನ್ನ ಪ್ರಶ್ನೆ ಇಷ್ಟು. ಮನೆಯವರನ್ನು ಎಳೆದು ತರುವ ಇಂಥ ಪ್ರಚಾರಕ್ಕೆ ಕಾನೂನಿನಲ್ಲಿ ತಡೆ ಇದೆಯಾ? ಕೆರೆ, ಕೊಬ್ಬರಿ, ಆಸ್ಪತ್ರೆ ಬಗ್ಗೆ ಅಭ್ಯರ್ಥಿಗಳು ಮಾತಾಡುವ ಹಾಗೆ ಮಾಡಲು ನಮ್ಮಂಥ ಸಣ್ಣ ಪೇಟೆಯವರು ಏನು ಮಾಡಬಹುದು? ಎಲ್ಲ ಅಭ್ಯರ್ಥಿಗಳನ್ನೂ ಒಂದೇ ವೇದಿಕೆಗೆ ಕರೆದು ಪ್ರಶ್ನೆ ಕೇಳುವುದು ಬೆಂಗಳೂರಿನ ಬಡಾವಣೆಗಳಲ್ಲಿ ಆಗುತ್ತದೆ ಅಂತ ಕೇಳಿದ್ದೇನೆ. ನಮ್ಮಲ್ಲಿ ಆಗುತ್ತದಾ? ಯಾರಾದರೂ ಮಾಡಿ ನೋಡಿದವರಿದ್ದರೆ ತಿಳಿಸಿ.


ಸಾಗರದ ಮೇಷ್ಟ್ರು:

ತಂಗಿ, ನಿನ್ನ ಬರಹ ಓದಿ ರಾತ್ರಿ ನಿದ್ದೆ ಬರಲಿಲ್ಲ. ನನಗೆ ಎಪ್ಪತ್ತಾರು. ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತನಾದವನು. ನೀನು ಬರೆದ ಕೆರೆಗಳ ಪಟ್ಟಿ ನೋಡಿ ನಮ್ಮ ಮನೆ ಅಟ್ಟದ ಮೇಲಿರುವ ಕೊಳಗ ನೆನಪಾಯಿತು.

ನಮ್ಮಪ್ಪ ಗೇಣಿದಾರ. ಗೇಣಿ ಭತ್ತ ಅಳೆಯಲು ಜಮೀನಿನ ಒಡೆಯರು ತರುತ್ತಿದ್ದ ಕೊಳಗ ದೊಡ್ಡದು. ಅದೇ ಕೊಳಗದ ಅಳತೆ ಮೇಲೆ ಎದ್ದ ಜಗಳ 1951ರಲ್ಲಿ ಕಾಗೋಡು ಸತ್ಯಾಗ್ರಹ ಆಯಿತು. ಗಣಪತಿಯಪ್ಪನವರು ರೈತರನ್ನು ಕಟ್ಟಿದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಮುಂದಿನ ವರ್ಷವೇ ದೇಶದ ಮೊದಲ ಸಾರ್ವತ್ರಿಕ ಚುನಾವಣೆ. ಸಾಗರ-ಹೊಸನಗರದಿಂದ ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು ನಿಂತರು. ಕೈಯಲ್ಲಿ ಕಾಸಿಲ್ಲ. "ಒಂದು ವೋಟು, ಒಂದು ನೋಟು" ಅಂತ ಜನರನ್ನೇ ಕೇಳಿದರು. ಅಪ್ಪ ಒಂದು ರೂಪಾಯಿ ನೋಟು ಕೊಟ್ಟಿದ್ದನ್ನು ಸಾಯುವವರೆಗೆ ಹೇಳುತ್ತಿದ್ದರು. ದುಡ್ಡು ಕೊಟ್ಟವನಿಗೆ ಕೇಳುವ ಹಕ್ಕು ಇರುತ್ತದೆ ಮಾಣಿ, ಅನ್ನುತ್ತಿದ್ದರು. ಗೌಡರು ಗೆದ್ದರು.

1957ರಲ್ಲಿ ಅವರು ಸೋತರು. ಸೋತರೂ ವಿಷಯ ಬದಲಿಸಲಿಲ್ಲ. 1962ರಲ್ಲಿ ತೀರ್ಥಹಳ್ಳಿಯಿಂದ ಗೆದ್ದು ಬಂದಾಗಲೂ ಅದೇ ಗೇಣಿ, ಅದೇ ಉಳುವವನ ಹೊಲ. 1972ರಲ್ಲಿ ತೀರಿಕೊಂಡರು. ದೇವರಾಜ ಅರಸರ ಕಾಲದಲ್ಲಿ ಗೇಣಿದಾರನಿಗೇ ಭೂಮಿ ಕೊಡುವ ಭೂಸುಧಾರಣೆ ಕಾಯ್ದೆ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಗೌಡರು ಅದನ್ನು ಕಾಣಲಿಲ್ಲ. ಅಪ್ಪ ಡಿಕ್ಲರೇಷನ್ ಹಾಕಿದರು, 7ನೇ ನಂಬರ್ ಫಾರಂ. ಎರಡೂವರೆ ಎಕರೆ ಗದ್ದೆ ನಮ್ಮ ಹೆಸರಿಗೆ ಆಯಿತು. ಒಂದು ಕೊಳಗದ ಅಳತೆ ವಿಧಾನಸಭೆ ಮುಟ್ಟಿ ಕಾನೂನು ಆಗಿ ವಾಪಸ್ ಬರಲು ಇಪ್ಪತ್ತಮೂರು ವರ್ಷ ಬೇಕಾಯಿತು. ಇಷ್ಟು ವರ್ಷ ಚುನಾವಣೆಯಿಂದ ಚುನಾವಣೆಗೆ ಆ ಮಾತನ್ನು ಯಾರೋ ಹೊತ್ತುಕೊಂಡು ಬಂದರು. ಮಧ್ಯದಲ್ಲಿ ಯಾರದೋ ಮನೆ ಮಗಳ ಮಾತಾಡುತ್ತಾ ಕೂತಿದ್ದರೆ ಆ ಮಾತು ಅಲ್ಲೇ ಬಿದ್ದುಹೋಗುತ್ತಿತ್ತು.

ಹಾಗಂತ ಹಿಂದೆ ಎಲ್ಲ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. 1978ರ ಚಿಕ್ಕಮಗಳೂರು ಉಪಚುನಾವಣೆ ನಾನೇ ಕಂಡಿದ್ದೇನೆ. ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಕ್ಷೇತ್ರಕ್ಕೆ ಇಂದಿರಾ ಗಾಂಧಿ ಬಂದರು. ಎದುರಿಗೆ ಜನತಾ ಪಕ್ಷದ ವೀರೇಂದ್ರ ಪಾಟೀಲರು. "ಏಕ್ ಶೇರ್ನಿ, ಸೌ ಲಂಗೂರ್" ಅನ್ನುವ ಘೋಷಣೆ ಅಲ್ಲಿಂದಲೇ ದೇಶವೆಲ್ಲ ಸುತ್ತಿತು. ಒಂದು ಸಿಂಹಿಣಿ, ಉಳಿದವರೆಲ್ಲ ಮುಸುವಗಳು. ಆಮೇಲೆ ಏನಾಯಿತು ಗೊತ್ತಾ? ವೀರೇಂದ್ರ ಪಾಟೀಲರು ಕಾಂಗ್ರೆಸ್ಸಿಗೇ ಹೋದರು. 1989ರಲ್ಲಿ ಅವರ ಮುಂದಾಳತ್ವದಲ್ಲೇ ಆ ಪಕ್ಷ 178 ಸ್ಥಾನ ಗೆದ್ದು ಅವರು ಮುಖ್ಯಮಂತ್ರಿ ಆದರು. ಮೇಲಿನವರು ಹೀಗೆ ಕೂಡಿಕೊಳ್ಳುತ್ತಾರೆ. ಕೆಳಗೆ ಬೈದುಕೊಂಡವರು, ಬೈಸಿಕೊಂಡವರು ಒಂದೇ ಬಾವಿ ನೀರು ಕುಡಿಯಬೇಕು. ನಿಮ್ಮೂರಿನ ಆ ಕಿಟಕಿಯನ್ನು ಯಾವ ಪಕ್ಷದವರೂ ಬಂದು ತೆಗೆಯುವುದಿಲ್ಲ.

ನೀನು ಓದುವುದಿಲ್ಲ ಅಂದದ್ದು ದೊಡ್ಡದು ತಂಗಿ. ಹಾರ್ನಿನ ವಿಷಯ ಅಣ್ಣನ ಹತ್ತಿರ ಕೂತು ಮಾತಾಡು.


ವಕೀಲೆ, ದಾವಣಗೆರೆ:

ಮೈಕಕ್ಕ ಅವರೇ, ಕಾನೂನಿನ ಭಾಗಕ್ಕೆ ನಾನು ಉತ್ತರ ಕೊಡುತ್ತೇನೆ.

ತಡೆ ಇದೆ. ಚುನಾವಣಾ ಆಯೋಗದ ಮಾದರಿ ನೀತಿ ಸಂಹಿತೆಯ ಮೊದಲ ಭಾಗದಲ್ಲೇ ಇದೆ. ಬೇರೆ ಪಕ್ಷವನ್ನು ಟೀಕಿಸುವುದಾದರೆ ಅವರ ನೀತಿ, ಕಾರ್ಯಕ್ರಮ, ಹಿಂದಿನ ಕೆಲಸ ಇಷ್ಟರ ಬಗ್ಗೆ ಮಾತ್ರ ಟೀಕಿಸಬೇಕು. ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಖಾಸಗಿ ಬದುಕನ್ನು ಎಳೆದು ತರಬಾರದು. ಇದು 1960ರಲ್ಲಿ ಕೇರಳದ ವಿಧಾನಸಭೆ ಚುನಾವಣೆ ಹೊತ್ತಿಗೆ ಪಕ್ಷಗಳು ಕೂಡಿ ಒಪ್ಪಿಕೊಂಡ ನಡವಳಿಕೆಯಿಂದ ಬೆಳೆದದ್ದು. ಅಂದರೆ ಮೇಲಿನಿಂದ ಹೇರಿದ್ದಲ್ಲ, ಅವರವರೇ ಒಪ್ಪಿದ್ದು. ಅದಕ್ಕೇ ಅದನ್ನು ಮುರಿದಾಗ ನನಗೆ ಜಾಸ್ತಿ ಬೇಜಾರಾಗುತ್ತದೆ.

ಆದರೆ ನೀತಿ ಸಂಹಿತೆ ಕಾಯ್ದೆ ಅಲ್ಲ. ಆಯೋಗ ನೋಟಿಸ್ ಕೊಡಬಹುದು, ಪ್ರಚಾರದಿಂದ ದೂರ ಇಡಬಹುದು. 2019ರ ಏಪ್ರಿಲ್‌ನಲ್ಲಿ ಯೋಗಿ ಆದಿತ್ಯನಾಥ್, ಮಾಯಾವತಿ, ಆಜಂ ಖಾನ್, ಮೇನಕಾ ಗಾಂಧಿ ಇವರಿಗೆ ಎರಡು ಮೂರು ದಿನ ಪ್ರಚಾರ ಮಾಡದಂತೆ ಆಯೋಗ ತಡೆದಿತ್ತು. ಕಾಯ್ದೆ ಅಂತ ಬಂದರೆ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 123(4) ಇದೆ. ಅಭ್ಯರ್ಥಿಯ ನಡತೆ ಬಗ್ಗೆ ಸುಳ್ಳು ಅಂತ ಗೊತ್ತಿದ್ದೂ ಹಬ್ಬಿಸಿದರೆ ಅದು ಭ್ರಷ್ಟ ಆಚರಣೆ. ಸಾಬೀತಾದರೆ ಗೆದ್ದವರ ಆಯ್ಕೆಯೇ ರದ್ದಾಗಬಹುದು. ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿಗೆ ಅರ್ಜಿ ಹಾಕಬೇಕು. ಸೋತ ಅಭ್ಯರ್ಥಿಯೇ ಹಾಕಬೇಕಿಲ್ಲ, ಆ ಕ್ಷೇತ್ರದ ಮತದಾರರೂ ಹಾಕಬಹುದು.

ಇಲ್ಲೊಂದು ಗಂಟು ಇದೆ. 123(4) ಹಿಡಿಯುವುದು ಸುಳ್ಳನ್ನು, ಅದೂ ಅಭ್ಯರ್ಥಿಯ ಬಗ್ಗೆ ಆಡಿದ ಸುಳ್ಳನ್ನು. ಆ ಹುಡುಗಿಯ ಮದುವೆ ಮುರಿದದ್ದು ನಿಜ, ಅವಳು ಅಭ್ಯರ್ಥಿಯೂ ಅಲ್ಲ. ನಿಜವನ್ನೇ ಬೀದಿಯಲ್ಲಿ ಕೂಗಿ ಒಬ್ಬಳನ್ನು ನೋಯಿಸಿದರೆ ಈ ಸೆಕ್ಷನ್ ಅಷ್ಟು ಸುಲಭವಾಗಿ ಕೈಗೆ ಸಿಗುವುದಿಲ್ಲ. ಆಗ ಉಳಿಯುವುದು ನೀತಿ ಸಂಹಿತೆಯ ದೂರು. ವಿಧಾನಸಭೆ, ಲೋಕಸಭೆ ಚುನಾವಣೆಯಾದರೆ ಸಿ-ವಿಜಿಲ್ ಆ್ಯಪ್ ಇದೆ. ಸ್ಥಳದಲ್ಲೇ ರೆಕಾರ್ಡ್ ಮಾಡಿ ಕಳಿಸಬೇಕು, ಹಳೆಯದನ್ನು ಹಾಕಲು ಆಗುವುದಿಲ್ಲ. 100 ನಿಮಿಷದೊಳಗೆ ಕ್ರಮ ಅನ್ನುವುದು ಅದರ ಗುರಿ. ಪಂಚಾಯಿತಿ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ಅಲ್ಲಿ ತಹಶೀಲ್ದಾರರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಆಟೋ ಗಾಜಿಗೆ ಅಂಟಿಸಿದ ಅನುಮತಿ ಪತ್ರದ ನಂಬರ್ ದೂರಿನಲ್ಲಿ ಇರಲಿ. ಧ್ವನಿವರ್ಧಕದ ಅನುಮತಿ ಯಾರ ಹೆಸರಲ್ಲಿದೆ ಅನ್ನುವುದು ಅದರಿಂದ ಗೊತ್ತಾಗುತ್ತದೆ.


ಹಳೇ ಕಾರ್ಯಕರ್ತ:

ನಾನು ಹದಿನೆಂಟು ವರ್ಷ ಒಂದು ಪಕ್ಷಕ್ಕೆ ಬೂತ್ ಮಟ್ಟದಲ್ಲಿ ದುಡಿದವನು. ಆ ಹಾಳೆ ತಂದ ಇಬ್ಬರು ಹುಡುಗರು ಇದ್ದಾರಲ್ಲ, ಅಂಥ ಕೆಲಸ ನಾನೂ ಮಾಡಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಸಭೆಯಲ್ಲಿ ಕುಡಿಯುವ ನೀರಿನ ಬಗ್ಗೆ ಮಾತಾಡಿದರೆ ಜನ ಸುಮ್ನೆ ಕೇಳುತ್ತಾರೆ. ಬೈದರೆ ಶಿಳ್ಳೆ ಹೊಡೆಯುತ್ತಾರೆ. ವೇದಿಕೆ ಮೇಲಿರುವವರಿಗೆ ಶಿಳ್ಳೆ ಕೇಳಿಸುತ್ತದೆ, ಸುಮ್ನೆ ಕೇಳಿದ್ದು ಕೇಳಿಸುವುದಿಲ್ಲ. ಮೊದಲು ಆ ಶಿಳ್ಳೆ ಅಲ್ಲೇ ಮುಗಿಯುತ್ತಿತ್ತು. ಈಗ ಅದನ್ನು ಅರ್ಧ ನಿಮಿಷಕ್ಕೆ ಕತ್ತರಿಸಿ ವಾಟ್ಸಾಪಿಗೆ ಬಿಡುತ್ತೇವೆ. ಸಂಜೆಯೊಳಗೆ ಇಡೀ ತಾಲೂಕು ನೋಡಿರುತ್ತದೆ. ಮುಕ್ಕಾಲು ಗಂಟೆ ನಾಲೆ ಬಗ್ಗೆ ಮಾತಾಡಿದ ವಿಡಿಯೋ ಯಾರೂ ತೆಗೆದೇ ಇರುವುದಿಲ್ಲ.

ಆದರೆ ಜನರಿಗೆ ಬೈಗುಳವೇ ಬೇಕು ಅನ್ನುವುದನ್ನು ನಾನು ಈಗ ಒಪ್ಪುವುದಿಲ್ಲ. 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಆಯಿತು. ಅಲ್ಲಿ ಪಕ್ಷದ ಚಿಹ್ನೆ ಇಲ್ಲ. ನನ್ನ ತಮ್ಮ ನಿಂತಿದ್ದ. ನಾನು ಅವನ ಜೊತೆ ಮನೆ ಮನೆ ಸುತ್ತಿದೆ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಜನ ನನ್ನನ್ನು ಒಳಗೆ ಕರೆದು ಕೂರಿಸಿ ಮಾತಾಡಿದರು. ಇ-ಸ್ವತ್ತು ಆಗಿಲ್ಲ ಅಂದರು. ಚರಂಡಿ ನೀರು ಅಂಗನವಾಡಿ ಮುಂದೆ ನಿಲ್ಲುತ್ತೆ ಅಂದರು. ಒಬ್ಬಳು ತಾಯಿ ಬೀದಿದೀಪದ ಕಂಬ ಎಣಿಸಿಕೊಂಡು ಬಂದು, ಇಷ್ಟರಲ್ಲಿ ಆರು ಉರಿಯಲ್ಲ ಅಂತ ಲೆಕ್ಕ ಕೊಟ್ಟಳು. ಎದುರು ನಿಂತವನು ನಮ್ಮ ಚಿಕ್ಕಪ್ಪನ ಅಳಿಯ. ಅವನನ್ನು ಏನಂತ ಬೈಯಲಿ? ಬೈಯುವ ಮಾತೇ ಬರಲಿಲ್ಲ. ಕಂಬದ ಮಾತು ಬಂತು. ತಮ್ಮ ಸೋತ. ಗೆದ್ದವನ ಹತ್ತಿರ ಅವನೇ ಹೋಗಿ ಆರು ಕಂಬದ ಲೆಕ್ಕ ಕೊಟ್ಟು ಬಂದ. ಐದು ಉರಿಯುತ್ತಿವೆ.

ಪಂಚಾಯಿತಿ ಚುನಾವಣೆ ಎಲ್ಲ ಕಡೆ ಹಾಗೇ ನಡೆಯುತ್ತದೆ ಅಂತಲ್ಲ. ಅದೇ 2020ರಲ್ಲಿ ಕೆಲವು ಕಡೆ ಸೀಟು ಹರಾಜು ಹಾಕಿದ ಸುದ್ದಿ ಬಂತು. ಆದರೆ ನಾನು ಕಂಡದ್ದು ನಿಜ.

ಇನ್ನೊಂದು ಮಾತು ಹೇಳಬೇಕು. ನಾನು ಬರೆಸಿದ ಒಂದು ಹಾಡಿನಿಂದಾಗಿ ನನ್ನ ಜೊತೆ ಶಾಲೆಗೆ ಹೋದ ಗೆಳೆಯ ಮಾತು ಬಿಟ್ಟ. ಮಗಳ ಮದುವೆಗೆ ಕರೆಯಲು ಹೋದೆ. ಕಾರ್ಡ್ ತೆಗೆದುಕೊಂಡ, ಬರಲಿಲ್ಲ. ಹಾಡಿಸಿದ ನಾಯಕರು ಬಂದು ಫೋಟೋ ತೆಗೆಸಿಕೊಂಡು ಹೋದರು. ಆ ಗೆಳೆಯ ಕೂರಬೇಕಿದ್ದ ಪಂಕ್ತಿಯಲ್ಲಿ ಬೇರೆ ಯಾರೋ ಊಟ ಮಾಡುತ್ತಿದ್ದರು. ಬಡಿಸುತ್ತಾ ಬಡಿಸುತ್ತಾ ನನ್ನ ಕೈ ನಿಂತುಹೋಯಿತು. ಅವತ್ತಿಗೆ ಪಕ್ಷದ ಕೆಲಸ ಬಿಟ್ಟೆ.

ಅಕ್ಕ, ಒಂದೇ ವೇದಿಕೆಗೆ ಕರೆದರೆ ದೊಡ್ಡ ಪಕ್ಷದವರು ಬರುವುದಿಲ್ಲ. ಎದುರಾಳಿಯ ಪಕ್ಕ ಕೂತರೆ ತಮ್ಮ ಹುಡುಗರ ಹುರುಪು ಇಳಿಯುತ್ತದೆ ಅಂತ ಅವರಿಗೆ ಹೆದರಿಕೆ. ಕಾಗದದಲ್ಲಿ ಪ್ರಶ್ನೆ ಕೊಟ್ಟರೆ ಉತ್ತರ ಕೊಡಬಹುದು. ಕೊಡದೇ ಇದ್ದರೆ ಕೊಡಲಿಲ್ಲ ಅಂತ ಊರಿಗೆ ಗೊತ್ತಾಗುತ್ತದೆ, ಅದಕ್ಕೆ ಹೆದರುತ್ತಾರೆ.


ಮೈಕಕ್ಕ:

ಮೇಷ್ಟ್ರೇ, ನಿಮ್ಮ ಮಾತು ಅಣ್ಣನಿಗೆ ಓದಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡ. "ಬಾಡಿಗೆಗೆ ಕೊಟ್ಟ ಮೇಲೆ ಅವರು ಏನು ಹಾಕಿಕೊಳ್ಳುತ್ತಾರೋ ನನಗೇನು ಗೊತ್ತು" ಅಂತ ಮೊದಲು ಹೇಳುತ್ತಿದ್ದ. ಈ ಸಲ ಹಾಗೆ ಹೇಳಲಿಲ್ಲ. ಅವನಿಗೂ ಮಗಳಿದ್ದಾಳೆ.

ಕಾರ್ಯಕರ್ತ ಅಣ್ಣ, ನೀವು ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಆ ಗೆಳೆಯರ ಮನೆಗೆ ಇನ್ನೊಂದು ಸಲ ಹೋಗಿ.

ಕಾಗದದಲ್ಲಿ ಪ್ರಶ್ನೆ ಕೊಡುವುದು ಹೇಗೆ? ನಮ್ಮಲ್ಲಿ ಅರ್ಜಿ ಅಂದರೆ ಬುಟ್ಟಿಗೆ ಹೋಗುತ್ತದೆ. ಉತ್ತರ ಕೊಡಲೇಬೇಕು ಅನ್ನಿಸುವ ಹಾಗೆ ಹೇಗೆ ಕೇಳುವುದು?


ಸ್ಟುಟ್‌ಗಾರ್ಟಿನಿಂದ:

ನಾನು ಹಾಸನದವನು, ಜರ್ಮನಿಯಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ಕೇಳಿದ್ದಕ್ಕೆ ಹೊಂದುವ ಒಂದು ಸಂಗತಿ ಇಲ್ಲಿದೆ.

ಇಲ್ಲಿ ವಾಲ್-ಓ-ಮಾಟ್ ಅಂತ ಒಂದು ವ್ಯವಸ್ಥೆ ಇದೆ. 2002ರಿಂದ ನಡೆಯುತ್ತಿದೆ. ನಾಗರಿಕ ಶಿಕ್ಷಣಕ್ಕೆ ಅಂತ ಇರುವ ಸರ್ಕಾರಿ ಸಂಸ್ಥೆ ನಡೆಸುತ್ತದೆ. ಸಂಸತ್ ಚುನಾವಣೆಗೆ ಮೊದಲು 38 ವಾಕ್ಯ ತಯಾರು ಮಾಡುತ್ತಾರೆ. ಅವನ್ನು ಬರೆಯುವ ತಂಡದಲ್ಲಿ ಹೊಸದಾಗಿ ವೋಟು ಹಾಕುವ ಹುಡುಗ ಹುಡುಗಿಯರೂ ಇರುತ್ತಾರೆ. ಎಲ್ಲ ಪಕ್ಷಕ್ಕೂ ಅದೇ ವಾಕ್ಯಗಳು ಹೋಗುತ್ತವೆ. ಒಪ್ಪುತ್ತೇವೆ, ಒಪ್ಪುವುದಿಲ್ಲ, ತಟಸ್ಥ, ಈ ಮೂರರಲ್ಲಿ ಒಂದು ಹೇಳಬೇಕು, ಕಾರಣವನ್ನೂ ಬರೆಯಬಹುದು. ಆಮೇಲೆ ಮತದಾರರೂ ಅದೇ ವಾಕ್ಯಗಳಿಗೆ ಉತ್ತರ ಕೊಟ್ಟು, ಯಾವ ಪಕ್ಷ ತಮಗೆ ಹತ್ತಿರ ಅಂತ ನೋಡಬಹುದು.

ನನಗೆ ಇಲ್ಲಿ ವೋಟಿಲ್ಲ. ಹೆಂಡತಿಗೆ ಪೌರತ್ವ ಸಿಕ್ಕಿದೆ. 2025ರ ಫೆಬ್ರವರಿ ಚುನಾವಣೆಗೆ ಮೊದಲು ಅವಳು ಅಡುಗೆಮನೆ ಮೇಜಿನ ಮೇಲೆ ಫೋನ್ ಇಟ್ಟುಕೊಂಡು ಒಂದೊಂದೇ ವಾಕ್ಯಕ್ಕೆ ಉತ್ತರ ಕೊಡುತ್ತಿದ್ದಳು. ಒಂದು ವಾಕ್ಯದ ಮೇಲೆ ನಮ್ಮಿಬ್ಬರಿಗೂ ಇಪ್ಪತ್ತು ನಿಮಿಷ ವಾದ ಆಯಿತು. ಸಾರು ಉಕ್ಕಿತು. ಆ ಇಪ್ಪತ್ತು ನಿಮಿಷದಲ್ಲಿ ಯಾವ ನಾಯಕನ ಹೆಸರೂ ಬರಲಿಲ್ಲ ಅಂತ ಆಮೇಲೆ ಹೊಳೆಯಿತು. ನಮ್ಮೂರಲ್ಲಿ ಅಪ್ಪ, ದೊಡ್ಡಪ್ಪ ಕೂತು ಹೀಗೆ ಮಾತಾಡಿದರೆ ಎಷ್ಟು ಚೆಂದ ಅಂತ ಅವತ್ತು ರಾತ್ರಿ ಅನ್ನಿಸಿತು.

ಇಲ್ಲಿ ಎಲ್ಲ ಸರಿ ಇದೆ ಅಂತ ತಿಳಿಯಬೇಡಿ. 2024ರ ಮೇ ತಿಂಗಳಲ್ಲಿ ಡ್ರೆಸ್ಡೆನ್ನಿನಲ್ಲಿ ಪೋಸ್ಟರ್ ಅಂಟಿಸುತ್ತಿದ್ದ ಯುರೋಪಿಯನ್ ಪಾರ್ಲಿಮೆಂಟ್ ಸದಸ್ಯ ಮಥಿಯಾಸ್ ಎಕೆ ಅವರನ್ನು ಆಸ್ಪತ್ರೆ ಸೇರುವ ಹಾಗೆ ಹೊಡೆದರು.

ಮೈಕಕ್ಕ, ನಿಮ್ಮ ತಾಲೂಕಿಗೆ 38 ಬೇಡ, ಹತ್ತು ಸಾಕು. "ಅಭಿವೃದ್ಧಿ ಮಾಡುತ್ತೀರಾ" ಅಂತ ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. ಹೌದು ಅಥವಾ ಇಲ್ಲ ಎನ್ನಲೇಬೇಕಾದ ಹಾಗೆ ಕೇಳಿ. ಇಂಥ ಕೆರೆಗೆ ಮೊದಲು ನೀರು ಬಿಡಬೇಕು, ಒಪ್ಪುತ್ತೀರಾ? ಒಂದು ಕೆರೆಗೆ ಹೌದು ಅಂದರೆ ಇನ್ನೊಂದು ಕೆರೆಯವರಿಗೆ ಉತ್ತರ ಹೇಳಬೇಕಾಗುತ್ತದೆ. ಆಗ ನಿಜವಾದ ಮಾತು ಹೊರಗೆ ಬರುತ್ತದೆ.


ವಕೀಲೆ, ದಾವಣಗೆರೆ:

ಒಳ್ಳೆಯ ದಾರಿ. ಎರಡು ಎಚ್ಚರಿಕೆ. ಪ್ರಶ್ನೆ ಎಲ್ಲ ಅಭ್ಯರ್ಥಿಗಳಿಗೂ ಹೋಗಬೇಕು, ಪಕ್ಷೇತರರನ್ನು ಬಿಡಬೇಡಿ. ಉತ್ತರವನ್ನು ಮೈಕಿನಲ್ಲಿ ಓದುವುದಾದರೆ ಎಲ್ಲರದ್ದನ್ನೂ ಒಂದೇ ಅಳತೆಯಲ್ಲಿ ಓದಬೇಕು, ಚುನಾವಣಾಧಿಕಾರಿಗೆ ಮೊದಲೇ ಬರೆದು ಅನುಮತಿ ಪಡೆಯಬೇಕು. ಇಲ್ಲದಿದ್ದರೆ ಒಬ್ಬರ ಪರ ಪ್ರಚಾರ ಮಾಡಿದಿರಿ, ಅದರ ಖರ್ಚು ಯಾರದು ಅಂತ ಪ್ರಶ್ನೆ ಬರುತ್ತದೆ. ಮತದಾನ ಮುಗಿಯುವುದಕ್ಕೆ ಮುಂಚಿನ 48 ಗಂಟೆ ಮೈಕ್ ಮುಟ್ಟಲೇಬೇಡಿ. ಅರ್ಜಿ ಬರೆಯಲು ನಾನು ಸಹಾಯ ಮಾಡುತ್ತೇನೆ, ಫೀಸು ಬೇಡ.


ಮೈಕಕ್ಕ:

ಎಲ್ಲರಿಗೂ ಕೈಮುಗಿದು ವಂದನೆ. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ, ಅಷ್ಟರಲ್ಲಿ ಸ್ವಲ್ಪ ಕೆಲಸ ಆಗಿದೆ.

ಅಂಗಡಿಯಲ್ಲಿ ಬಾಡಿಗೆ ದರದ ಬೋರ್ಡ್ ಇದೆ. ಅದರ ಕೆಳಗೆ ಅಣ್ಣನೇ ಬಣ್ಣದಲ್ಲಿ ಬರೆದಿದ್ದಾನೆ: "ಯಾರ ಮನೆಯವರನ್ನೂ ಬೈಯುವ ರೆಕಾರ್ಡಿಂಗ್‌ಗೆ ಸೆಟ್ಟು ಬಾಡಿಗೆಗೆ ಇಲ್ಲ." ಪಕ್ಕದ ಪೇಟೆಯ ಮೂರು ಸೌಂಡ್ ಅಂಗಡಿಯವರ ಹತ್ತಿರ ಮಾತಾಡಿದೆವು. ಇಬ್ಬರು ಒಪ್ಪಿದರು. ಇನ್ನೊಬ್ಬರು ಚುನಾವಣೆ ತಿಂಗಳ ಬಾಡಿಗೆಯಲ್ಲೇ ಮಗನ ಕಾಲೇಜು ಫೀಸು ಕಟ್ಟುವವರು. ಯೋಚನೆ ಮಾಡುತ್ತೇನೆ ಅಂದರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ, ಒತ್ತಾಯ ಮಾಡಲಿಲ್ಲ.

ಹೋದ ಸಂತೆ ದಿನ ಪ್ರಶ್ನೆ ಕೂಡಿಸಲು ಕೂತೆ. ಮೈಕ್ ಇಲ್ಲದೆ, ಸುಮ್ನೆ ಒಂದು ಸ್ಟೂಲು, ಒಂದು ಹೊಸ ನೋಟ್‌ಬುಕ್. ಮೊದಲ ಒಂದು ಗಂಟೆ ಯಾರೂ ಬರಲಿಲ್ಲ. ಆಮೇಲೆ ಕೊಬ್ಬರಿ ದಲ್ಲಾಳಿಯೊಬ್ಬರು ಬಂದರು. ಅವರ ಹಿಂದೆ ಜನ ಬಂದರು. ಎಲ್ಲರೂ ಮೊದಲು ಬೈದರು, ಎಲ್ಲ ಪಕ್ಷವನ್ನೂ. ನಾನು ಪೆನ್ನು ಹಿಡಿದು ಕೂತಿದ್ದೆ. ಬೈದು ಮುಗಿದ ಮೇಲೆ ಪ್ರಶ್ನೆ ಬಂತು.

2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇತ್ತು. ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕಮ್ಮಿಗೆ ಮಾರಿ ಬಂದವರು ನಮ್ಮಲ್ಲಿ ಮನೆಮನೆಗೂ ಇದ್ದಾರೆ. ಒಬ್ಬರು ಕೇಳಿದರು: ಬೆಲೆ ಬಿದ್ದ ವಾರದೊಳಗೆ ಖರೀದಿ ಕೇಂದ್ರ ತೆರೆಸುತ್ತೀರಾ, ಇಲ್ಲವೇ ನಾವು ಮಾರಿ ಮುಗಿಸಿದ ಮೇಲಾ? ಹಾಗೇ ಬರೆದುಕೊಂಡೆ, ಒಂದಕ್ಷರ ಬದಲಿಸಲಿಲ್ಲ. ಒಬ್ಬಳು ಕಾಲೇಜು ಹುಡುಗಿ ಸಂಜೆ ಐದೂವರೆ ಮೇಲೆ ಊರಿಗೆ ಬಸ್ಸಿಲ್ಲ ಅಂದಳು. ತಾಲೂಕು ಆಸ್ಪತ್ರೆಯಲ್ಲಿ ರಾತ್ರಿ ಹೆರಿಗೆಗೆ ಡಾಕ್ಟರು ಇರುತ್ತಾರಾ ಅಂತ ಮೂವರು ಹೆಂಗಸರು ಬೇರೆ ಬೇರೆಯಾಗಿ ಬಂದು ಕೇಳಿದರು. ಜಿಲ್ಲಾ, ತಾಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು ವರ್ಷಗಟ್ಟಲೆ ಚುನಾವಣೆ ಆಗದೇ ಇದ್ದದ್ದು ಯಾಕೆ ಅಂತ ಒಬ್ಬ ಹಿರಿಯರು ಕೇಳಿದರು. ನನ್ನ ತಲೆಗೆ ಇದು ಹೊಳೆದೇ ಇರಲಿಲ್ಲ.

ಒಟ್ಟು ಮೂವತ್ತೊಂದು ಪ್ರಶ್ನೆ ಆಗಿವೆ. ಹತ್ತಕ್ಕೆ ಇಳಿಸಬೇಕು. ಕೆರೆಗಳದ್ದೇ ಕಷ್ಟ. ಯಾವ ಕೆರೆಗೆ ಮೊದಲು ಅಂತ ಬರೆಯಲು ಹೋದರೆ ಸ್ಟೂಲಿನ ಸುತ್ತಲೇ ಜಗಳ ಶುರುವಾಯಿತು. ಎರಡು ಊರಿನವರು ಅರ್ಧ ಗಂಟೆ ವಾದ ಮಾಡಿದರು, ನಾಲೆಯ ತೂಬು, ಮಟ್ಟ ಎಲ್ಲ ನೆಲದಲ್ಲಿ ಕಡ್ಡಿಯಿಂದ ಗೆರೆ ಎಳೆದು ತೋರಿಸಿದರು. ಆಮೇಲೆ ಇಬ್ಬರೂ ಒಟ್ಟಿಗೇ ಟೀ ಕುಡಿಯಲು ಹೋದರು. ಆ ಗೆರೆಗಳನ್ನು ನಾನು ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದೇನೆ.

ಆ ಹುಡುಗಿಯ ಮನೆಗೂ ಹೋಗಿದ್ದೆ. ಹೇಗೆ ಮಾತು ಶುರುಮಾಡಬೇಕೋ ಗೊತ್ತಾಗಲಿಲ್ಲ. ನೆಗ್ಗಿದ ಹಾರ್ನ್ ನಮ್ಮದು ಅಂತ ಹೇಳಿದೆ. ಗೊತ್ತು ಅಕ್ಕ, ಅಂದಳು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ನಾನು ಎರಡು ರವಿಕೆ ಬಟ್ಟೆ ತೆಗೆದುಕೊಂಡು ಹೋಗಿದ್ದೆ. ಅಳತೆ ತೆಗೆದುಕೊಂಡಳು, ಶನಿವಾರ ಬನ್ನಿ ಅಂದಳು.

ಮುಂದಿನ ಸಂತೆ ಬುಧವಾರ. ಪ್ರಶ್ನೆ ಹತ್ತಕ್ಕೆ ಇಳಿಸಿದ ಮೇಲೆ ಇಲ್ಲಿ ಹಾಕುತ್ತೇನೆ. ವಕೀಲರೇ, ಅರ್ಜಿಯ ನಮೂನೆ ಅಷ್ಟರೊಳಗೆ ಕಳಿಸಿದರೆ ಒಳ್ಳೆಯದಾಗುತ್ತದೆ.